ಬಾಲ್ಸಾ ಅನ್ನೋ ಹಗುರ ಮರದ ಮಾಡೆಲ್ ವಿಮಾನದ ಬಿಡಿಭಾಗ ಕಂಪ್ಯೂಟರಿನಲ್ಲಿ ಸರಿಯಾಗಿ ಕೂರುತ್ತೆ, ಲೇಸರ್‌ನಲ್ಲಿ ಕತ್ತರಿಸಿದ ಮೇಲೆ ಸಡಿಲ. ಇದನ್ನು ಕಿಟ್ ಮಾಡಿ ಬೇರೆಯವರಿಗೆ ಕೊಡೋದು ಹೇಗೆ?

ನನಗೂ ಇದೇ ಆಗಿತ್ತು. ನಾನು ತುಮಕೂರಿನವನು. 2023ರಲ್ಲಿ ಗುಬ್ಬಿ ಹತ್ತಿರ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆದಾಗ ನಮ್ಮ ಅಕ್ಕನ ಮಗ ವಿಮಾನ ಕಟ್ಟೋಣ ಮಾಮ ಅಂತ ಬೆನ್ನು ಬಿದ್ದ. ಎಚ್‌ಎಎಲ್‌ನ ಎಚ್‌ಟಿ-2 ಆರಿಸಿಕೊಂಡೆ. 1951ರಲ್ಲಿ ಮೊದಲು ಹಾರಿದ, ನಮ್ಮವರೇ ಡಿಸೈನ್ ಮಾಡಿದ ತರಬೇತಿ ವಿಮಾನ ಅದು. ಅಸಲಿ ರೆಕ್ಕೆ ತುದಿಯಿಂದ ತುದಿಗೆ 10.72 ಮೀಟರ್. ಹನ್ನೆರಡರಲ್ಲಿ ಒಂದು ಪಾಲು ಮಾಡಿದರೆ 89 ಸೆಂ.ಮೀ.

ಸಡಿಲಕ್ಕೆ ಕಾರಣ ಎರಡು. ಲೇಸರ್ ಗೆರೆ ಎಳೆಯಲ್ಲ, ಸುಡುತ್ತೆ. ಸುಮಾರು 0.1ರಿಂದ 0.2 ಮಿ.ಮೀ. ಮರ ಹೋಗಿಬಿಡುತ್ತೆ. ಸ್ಲಾಟ್ (ಸೇರಿಸುವ ಸೀಳು) ಅಗಲವಾಗುತ್ತೆ, ಅದರೊಳಗೆ ಕೂರುವ ಟ್ಯಾಬ್ (ಚಾಚಿದ ತುಂಡು) ಸಣ್ಣದಾಗುತ್ತೆ. ಇನ್ನೊಂದು, ಹಾಳೆಯ ದಪ್ಪ. 3 ಮಿ.ಮೀ. ಅಂತ ಕೊಂಡ ನನ್ನ ಹಾಳೆ ವರ್ನಿಯರ್‌ನಲ್ಲಿ ಒಂದು ಕಡೆ 2.8, ಇನ್ನೊಂದು ಕಡೆ 3.1 ಇತ್ತು. ಹಾಗಾಗಿ ಮೊದಲು ಒಂದು ಚೂರಿನಲ್ಲಿ 2.6ರಿಂದ 3.2ರವರೆಗೆ ಬೇರೆ ಬೇರೆ ಅಗಲದ ಸ್ಲಾಟ್ ಇರುವ ಬಾಚಣಿಗೆಯಂಥ ಅಳತೆ ತುಂಡು ಕತ್ತರಿಸಿಕೊಳ್ಳಿ. ಹಾಳೆಯ ಅಂಚನ್ನು ಸ್ಲಾಟ್‌ಗೆ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಕೂರಬೇಕು, ತಿರುಗಿಸಿ ಹಿಡಿದರೆ ಬೀಳಬಾರದು. ಆ ಅಳತೆಯನ್ನೇ ಡ್ರಾಯಿಂಗ್‌ಗೆ ಹಾಕಿ. ತುಂಬಾ ಬಿಗಿಯೂ ಬೇಡ, ಬಾಲ್ಸಾ ನಾರಿನ ಉದ್ದಕ್ಕೆ ಪಟ್ಟನೆ ಸೀಳುತ್ತೆ.

ಆದರೆ ಕಿಟ್ ಅಂದರೆ ಇಷ್ಟೇ ಅಲ್ಲ ಅಲ್ವಾ? ಅದನ್ನು ಕಟ್ಟೋದು ಇನ್ನೊಬ್ಬರ ಕೈ. ಹುಡುಗನ ಮುಂದೆ ಹಾಳೆ, ಅಂಟು, ಸೂಚನೆ ಇಟ್ಟು ನಾನು ಬಾಯಿ ಬಿಡದೆ ಕೂತೆ. ಮೂರನೇ ಫಾರ್ಮರನ್ನು (ವಿಮಾನದ ಒಡಲಿಗೆ ಆಕಾರ ಕೊಡುವ ಅಡ್ಡ ಚೌಕಟ್ಟು) ತಲೆಕೆಳಗಾಗಿ ಇಟ್ಟು ಫೆವಿಕ್ವಿಕ್ ಬಿಟ್ಟ. ಸಲೀಸಾಗಿ ಕೂತಿತು! ತಪ್ಪು ಅವನದಲ್ಲ. ಮೇಲಿನ ಸ್ಲಾಟ್, ಕೆಳಗಿನ ಸ್ಲಾಟ್ ಎರಡನ್ನೂ ನಾನು ಒಂದೇ ಅಗಲ ಇಟ್ಟಿದ್ದೆ. ಈಗ ಮೇಲೆ 6 ಮಿ.ಮೀ., ಕೆಳಗೆ 8. ತಿರುಗಿಸಿದರೆ ಕೂರೋದೇ ಇಲ್ಲ. ಎಡ ಬಲದ ರೆಕ್ಕೆಯ ಪಕ್ಕೆಗಳಿಗೂ (ರಿಬ್) ಹೀಗೇ ಮಾಡಿ, ನಂಬರನ್ನು ಮರದ ಮೇಲೇ ಸುಡಿಸಿ. ಕಾಗದದಲ್ಲಿ ಬರೆದರೆ ಅರ್ಧ ಜನ ನೋಡಲ್ಲ.

ಹಾರಿಸೋ ಮಾಡೆಲ್ ಆದರೆ ತೂಕ ಸಮವಾಗಿ ನಿಲ್ಲುವ ಜಾಗವನ್ನು (ಗುರುತ್ವ ಕೇಂದ್ರ) ರೆಕ್ಕೆಯ ಮೇಲೇ ಗುರುತು ಮಾಡಿಕೊಡಿ. ಅದು ಮುಂದಿನ ಅಂಚಿನಿಂದ, ಹಿಂದಿನ ಅಂಚಿನವರೆಗಿನ ರೆಕ್ಕೆ ಅಗಲದ ಶೇ. 25ರಿಂದ 30ರ ಒಳಗೆ. ಬ್ಯಾಟರಿ ಹಿಂದೆ ಮುಂದೆ ಸರಿಸಲು ಜಾಗ ಬಿಡಿ.

ನಿಮ್ಮದು ಯಾವ ವಿಮಾನ, ಎಷ್ಟು ದಪ್ಪದ ಹಾಳೆ ಅಂತ ಬರೆಯಿರಿ. ನನ್ನ ಬಾಚಣಿಗೆಯ ಡ್ರಾಯಿಂಗ್ ಕೊಡ್ತೀನಿ.