ಮಿಲ್ಲುಗಳಿಗಷ್ಟೇ ಮಾಲು ಮಾರುವವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬೇಕಾ?

ನಿಮ್ಮದು ದಾವಣಗೆರೆಯಲ್ಲಿ ಅಕ್ಕಿ ಚೀಲ ಪ್ರಿಂಟ್ ಮಾಡುವ ಯೂನಿಟ್, ಗಿರಾಕಿಗಳೆಲ್ಲ ರೈಸ್ ಮಿಲ್‌ನವರೇ, ಹೀಗಿರುವಾಗ ಸೋಷಿಯಲ್ ಮೀಡಿಯಾದಿಂದ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಇದೆ ಸಾರ್. ಆದರೆ ಯಾರು ನೋಡಬೇಕು ಅನ್ನೋದು ಮೊದಲು ಗೊತ್ತಿರಬೇಕು.

ನಾನು ಇದೇ ಊರಲ್ಲಿ ಮಿಲ್ಲುಗಳಿಗೆ ಭತ್ತದ ಹೊಟ್ಟು ಬಿಡಿಸುವ ರಬ್ಬರ್ ರೋಲ್, ಜಾಲರಿ, ಕಾಳನ್ನು ಮೇಲಕ್ಕೆ ಎತ್ತುವ ಎಲಿವೇಟರ್ ಬಕೆಟ್ ಮಾರುತ್ತೇನೆ. ಶುರುವಿನಲ್ಲಿ ಒಬ್ಬರಿಗೆ ತಿಂಗಳ ದುಡ್ಡು ಕೊಟ್ಟು ಪೋಸ್ಟ್ ಹಾಕಿಸುತ್ತಿದ್ದೆ. ಹಬ್ಬದ ಶುಭಾಶಯ, ನಮ್ಮ ಲೋಗೊ, ಫೋನ್ ನಂಬರ್. ಲೈಕ್ ಕೊಟ್ಟವರು ನೆಂಟರು, ಗೆಳೆಯರು. ಒಂದು ರೋಲ್ ಕೂಡ ಹೋಗಲಿಲ್ಲ.

ಆಮೇಲೆ ಮಲೇಬೆನ್ನೂರಿನ ಒಂದು ಮಿಲ್ಲಿನಿಂದ ದೂರು ಬಂತು. ರೋಲ್ ನಡುವೆ ಮಾತ್ರ ಗುಳಿ ಬಿದ್ದು ಸವೆದಿತ್ತು. ಫಿಟ್ಟರ್ ಜೊತೆ ಕೂತು ನೋಡಿದೆ. ಭತ್ತ ರೋಲಿನ ಅಗಲಕ್ಕೂ ಸಮನಾಗಿ ಬೀಳದೆ ನಡುವೆಯೇ ಬೀಳುತ್ತಿತ್ತು. ಅದನ್ನು ಸರಿ ಮಾಡಿದ್ದು, ಜೋಡಿ ರೋಲ್‌ಗಳಲ್ಲಿ ಜೋರಾಗಿ ತಿರುಗುವ ರೋಲ್ ಬೇಗ ಸವೆಯುವುದರಿಂದ ಎರಡನ್ನೂ ಆಗಾಗ ಅದಲು ಬದಲು ಮಾಡಬೇಕು ಅನ್ನೋದು, ಇಷ್ಟನ್ನೇ ಫೋನಿನಲ್ಲಿ ಒಂದೂವರೆ ನಿಮಿಷದ ವಿಡಿಯೋ ಮಾಡಿದೆ. ಮಾಲೀಕರ ಒಪ್ಪಿಗೆ ಕೇಳಿ, ಮಿಲ್ಲಿನ ಹೆಸರು ಕಾಣದ ಹಾಗೆ ಹಾಕಿದೆ. ಫಿಟ್ಟರ್‌ಗಳು ಅದನ್ನು ಒಬ್ಬರಿಂದೊಬ್ಬರಿಗೆ ಕಳಿಸಿಕೊಂಡರು. ಗಂಗಾವತಿ ಕಡೆಯಿಂದ ಫೋನ್ ಬಂತು. ಮಾಡಿದವರು ಮಾಲೀಕರಲ್ಲ, ಫಿಟ್ಟರ್. ಚೆಕ್ ಬರೆಯೋದು ಮಾಲೀಕರೇ. ಆದರೆ ಯಾರ ಹತ್ತಿರ ಮಾಲು ತರಿಸಬೇಕು ಅಂತ ಅವರಿಗೆ ಹೇಳೋದು ಮಷಿನ್ ಹತ್ತಿರ ನಿಲ್ಲುವವನು.

ನಿಮ್ಮ ಗಿರಾಕಿಗಳಲ್ಲೂ ಅಂಥವನೊಬ್ಬ ಇರುತ್ತಾನೆ. ಚೀಲ ತುಂಬಿ ಹೊಲಿಸುವ ಮೇಸ್ತ್ರಿ. ಹೊಲಿಗೆ ಬಿಚ್ಚಿದರೆ, ಬಣ್ಣ ಕೈಗೆ ಅಂಟಿದರೆ ಮೊದಲು ಬೈಸಿಕೊಳ್ಳುವವನು ಅವನೇ. ಅವನಿಗಾಗಿ ವಿಡಿಯೋ ಮಾಡಿ. ತುಂಬಿದ ಚೀಲವನ್ನು ಲಾರಿ ಮೇಲಿಂದ ಕೆಳಗೆ ಹಾಕಿ, ಹೊಲಿಗೆ ಹೇಗಿದೆ ಅಂತ ಹತ್ತಿರದಿಂದ ತೋರಿಸಿ. 2022ರ ಜುಲೈನಲ್ಲಿ, ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆ.ಜಿ.ವರೆಗಿನ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂದಾಗ ಎಷ್ಟೋ ಮಿಲ್ಲುಗಳು 26 ಕೆ.ಜಿ. ಚೀಲಕ್ಕೆ ಹೋದವು, ಅಲ್ವಾ? ಅಂಥ ಹೊತ್ತಲ್ಲಿ ಹೊಸ ಅಳತೆ ಎಷ್ಟು, ಚೀಲದ ಮೇಲೆ ಏನೇನು ಬದಲಾಗಬೇಕು ಅಂತ ಮೊದಲು ಹೇಳಿದವರಿಗೇ ಫೋನ್ ಬರುತ್ತದೆ.

ವಾಟ್ಸ್‌ಆಪ್ ಬಿಸಿನೆಸ್ ಅಂತೂ ಬೇಕೇ ಬೇಕು. ಕ್ಯಾಟಲಾಗ್‌ನಲ್ಲಿ ಅಳತೆ, ಫೋಟೊ ಹಾಕಿ. ರೇಟ್ ಹಾಕಬೇಡಿ, ಐನೂರು ಚೀಲದ ರೇಟೇ ಬೇರೆ, ಹತ್ತು ಸಾವಿರದ್ದೇ ಬೇರೆ. ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಹಾಗಾಗಿ ಮಿಲ್ಲಿಗೆ ಹೋದಾಗ ಎದುರಿಗೇ ಸೇವ್ ಮಾಡಿಸಿ ಬನ್ನಿ. ಕೆಲಸ, ವ್ಯವಹಾರದವರ ಸೋಷಿಯಲ್ ಮೀಡಿಯಾ ಆದ ಲಿಂಕ್ಡ್‌ಇನ್‌ನಲ್ಲಿ ನಮ್ಮ ಕಡೆಯ ಮಿಲ್ ಮಾಲೀಕರು ನನಗೆ ಸಿಕ್ಕಿದ್ದು ಕಡಿಮೆ. ದೊಡ್ಡ ಕಂಪನಿಗಳ ಪರ್ಚೇಸ್ ವಿಭಾಗಕ್ಕೆ ಮಾರುವ ಯೋಚನೆ ಇದ್ದರೆ ಅಲ್ಲಿ ಇರಿ.

ಇನ್ನೊಂದು, ಸಮಯ. ಭದ್ರಾ ಕಾಲುವೆ ಕಡೆಯ ಭತ್ತ ಮಿಲ್ಲಿಗೆ ಬರುವುದು ನವೆಂಬರ್ ಹೊತ್ತಿಗೆ, ಬೇಸಿಗೆ ಬೆಳೆ ಮೇ ತಿಂಗಳಿಗೆ. ಆಗ ಮಿಲ್ಲಿನವರಿಗೆ ಫೋನ್ ನೋಡಲೂ ಪುರುಸೊತ್ತಿರಲ್ಲ. ಸೆಪ್ಟೆಂಬರ್‌ನಲ್ಲೇ ನಿಮ್ಮ ವಿಡಿಯೋ ಮೇಸ್ತ್ರಿಗಳ ಫೋನಿನಲ್ಲಿರಲಿ.