'ದೌ' ಅಂದರೆ 'ತಾವು' ಅಲ್ಲ, ಅದು ಇಂಗ್ಲಿಷಿನ ಏಕವಚನ

"ಹಳೆಯ ಇಂಗ್ಲಿಷ್ ನಾಟಕಗಳಲ್ಲಿ, ಬೈಬಲ್ಲಿನಲ್ಲಿ 'ಯು' ಬದಲು 'ದೌ' ಎಂದು ಬರುತ್ತದೆ. ದೇವರಿಗೂ ಅದನ್ನೇ ಬಳಸಿದ್ದಾರೆ. ಅಂದರೆ ಅದು ನಮ್ಮ 'ತಾವು' ಇದ್ದ ಹಾಗೆಯೇ?" ಎಂದು ಕೇಳಿದ್ದೀರಿ.

ಇಲ್ಲ, ಪೂರ್ತಿ ಉಲ್ಟಾ. 'ದೌ' ಅಂದರೆ ನೀನು. 'ದೀ' ಅಂದರೆ ನಿನ್ನನ್ನು ಅಥವಾ ನಿನಗೆ. 'ದೈ' ಅಂದರೆ ನಿನ್ನ. ಮುಂದಿನ ಪದ ಸ್ವರದಿಂದ ಶುರುವಾದರೆ ಅದೇ 'ದೈನ್' ಆಗುತ್ತದೆ. ಕನ್ನಡ ಬಲ್ಲವರಿಗೆ ಇದರಲ್ಲಿ ಕಷ್ಟವೇನೂ ಇಲ್ಲ, ನೀನು ಮತ್ತು ನೀವು ನಮಗೆ ತೊಟ್ಟಿಲಿನಿಂದಲೇ ಗೊತ್ತು.

ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದ ವರ್ಷಗಳಲ್ಲಿ ನಾನು ಪದೇ ಪದೇ ಕೇಳಿದ ಮಾತೊಂದಿದೆ: "ಇಂಗ್ಲಿಷಿನಲ್ಲಿ ಮರ್ಯಾದೆಯೇ ಇಲ್ಲ ಬಿಡಿ, ಅಪ್ಪನಿಗೂ ನೀನು, ಮೇಷ್ಟರಿಗೂ ನೀನು." ಈ ಮಾತು ತಪ್ಪು. ಇಂಗ್ಲಿಷಿನವರು ಕಳೆದುಕೊಂಡದ್ದು 'ನೀನು', ಉಳಿಸಿಕೊಂಡದ್ದು 'ನೀವು'. ಅಪ್ಪನಿಗೂ ನೀವು, ಮೇಷ್ಟರಿಗೂ ನೀವು, ಕೂಸಿಗೂ ನೀವು. ಸಾಕ್ಷಿ ಅವರ ವ್ಯಾಕರಣದಲ್ಲೇ ಇದೆ. ಎದುರಿಗಿರುವವನು ಒಬ್ಬನೇ ಆದರೂ 'ಯು ಆರ್' ಎನ್ನಬೇಕು, ಆ 'ಆರ್' ಬಹುವಚನದ ಕ್ರಿಯಾಪದ. ಒಬ್ಬನಿಗೆ ಇದ್ದದ್ದು 'ದೌ ಆರ್ಟ್'. 'ಇದ್ದೀಯ', 'ಇದ್ದೀರಿ' ಎಂದಷ್ಟೇ ವ್ಯತ್ಯಾಸ.

ಮೊದಮೊದಲು ಅಲ್ಲಿ ಇದು ಬರೀ ಲೆಕ್ಕದ ವಿಷಯವಾಗಿತ್ತು. ಒಬ್ಬರಿದ್ದರೆ 'ದೌ', ಹೆಚ್ಚು ಜನರಿದ್ದರೆ 'ಯೀ' (ಇಂದಿನ 'ಯು' ಇದರ ಜೊತೆಯ ರೂಪ). ರಾಜನೇ ಆಗಲಿ, ಒಬ್ಬನಾದರೆ 'ದೌ'. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ದೊಡ್ಡವರ ಮನೆಗಳಲ್ಲಿ ಫ್ರೆಂಚ್ ಮಾತು ನೆಲೆಯೂರಿತು. ಫ್ರೆಂಚಿನಲ್ಲಿ ದೊಡ್ಡವರಿಗೆ ಬಹುವಚನ ಹೇಳುವ ರೂಢಿಯಿತ್ತು, ಅದು ನಿಧಾನವಾಗಿ ಇಂಗ್ಲಿಷಿಗೂ ಇಳಿಯಿತು. ಆಮೇಲೆ 'ದೌ' ಉಳಿದದ್ದು ಆಳಿಗೆ, ಮಗುವಿಗೆ, ಆಪ್ತರಿಗೆ, ಮತ್ತು ಜಗಳಕ್ಕೆ.

ಜಗಳದ ಉದಾಹರಣೆಯೊಂದು ಹೇಳಲೇಬೇಕು. 1603ರ ನವೆಂಬರಿನಲ್ಲಿ ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ, ಹೆಸರಾಂತ ನಾವಿಕ ಮತ್ತು ಕವಿ ಸರ್ ವಾಲ್ಟರ್ ರಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಸರ್ಕಾರದ ಪರ ವಾದಿಸಿದವನು ಎಡ್ವರ್ಡ್ ಕೋಕ್. ರೇಗಿದ ಕೋಕ್ 'ದೌ' ಎಂಬುದನ್ನೇ ಕ್ರಿಯಾಪದ ಮಾಡಿ ರಾಲಿಯ ಮೇಲೆ ಎಸೆದ. ಕನ್ನಡದಲ್ಲಿ ಹೇಳುವುದಾದರೆ, "ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ, ದ್ರೋಹಿ!" ನಮ್ಮ ಪತ್ರಿಕೆಗಳು "ಮಾತಿನ ಭರದಲ್ಲಿ ಏಕವಚನಕ್ಕೆ ಇಳಿದರು" ಎಂದು ಬರೆಯುತ್ತವಲ್ಲ, ಅದೇ ಇದು. ಇಂದಿನ ಇಂಗ್ಲಿಷ್ ಓದುಗನಿಗೆ ಈ ಏಟು ಎಲ್ಲಿ ಬಿತ್ತೆಂದು ಟಿಪ್ಪಣಿ ಬರೆದು ತಿಳಿಸಬೇಕು, ನಮಗೆ ಬೇಕಿಲ್ಲ.

ಇನ್ನು ಕೆಲವರಿಗೆ 'ದೌ' ಬೈಗುಳವಲ್ಲ, ವ್ರತವಾಗಿತ್ತು. 17ನೇ ಶತಮಾನದ ನಡುವಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವನ ಜೊತೆಗಾರರಾದ ಕ್ವೇಕರರು ಎಂಬ ಕ್ರೈಸ್ತ ಪಂಥದವರು ಎಂಥ ಅಧಿಕಾರಿ ಎದುರಿಗಿದ್ದರೂ ಟೋಪಿ ತೆಗೆಯುತ್ತಿರಲಿಲ್ಲ, ಒಬ್ಬ ವ್ಯಕ್ತಿಗೆ 'ಯು' ಎನ್ನುತ್ತಿರಲಿಲ್ಲ. ಒಬ್ಬನನ್ನು ಹಲವರೆಂಬಂತೆ ಕರೆಯುವುದು ಸುಳ್ಳು, ಮುಖಸ್ತುತಿ ಎಂಬುದು ಅವರ ನಂಬಿಕೆ. ಇದಕ್ಕಾಗಿ ಬೈಸಿಕೊಂಡರು, ಹೊಡೆತವನ್ನೂ ತಿಂದರು. ಒಂದು ಸರ್ವನಾಮಕ್ಕಾಗಿ ಏಟು ತಿಂದವರೆಂದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ದೇವರ ವಿಷಯಕ್ಕೆ ಬರೋಣ, ನಿಮ್ಮ ಗೊಂದಲ ಹುಟ್ಟಿದ್ದು ಅಲ್ಲೇ. 1611ರ ಕಿಂಗ್ ಜೇಮ್ಸ್ ಬೈಬಲ್ ಅನುವಾದ ಹಳೆಯ ಲೆಕ್ಕವನ್ನೇ ಹಿಡಿಯಿತು, ಏಕೆಂದರೆ ಮೂಲದ ಹೀಬ್ರೂ, ಗ್ರೀಕ್ ಭಾಷೆಗಳಲ್ಲೂ ಒಬ್ಬರಿಗೆ ಏಕವಚನವೇ. ಅದರಲ್ಲಿ ದೇವರಿಗೂ 'ದೌ', ರಾಜನಿಗೂ 'ದೌ', ಕಳ್ಳನಿಗೂ 'ದೌ'. ಮುಂದೆ ಊರ ಮಾತಿನಿಂದ ಆ ಪದ ಮರೆಯಾಗಿ ಚರ್ಚಿನಲ್ಲಿ ಮಾತ್ರ ಕಿವಿಗೆ ಬೀಳತೊಡಗಿತು. ಹಾಗಾಗಿ ಅದಕ್ಕೊಂದು ಗಾಂಭೀರ್ಯ ಅಂಟಿಕೊಂಡಿತು. ನಾವೂ ದೇವರನ್ನು 'ನೀವು' ಎನ್ನುವುದು ಅಪರೂಪ. ಬಸವಣ್ಣನವರ ಎಷ್ಟೋ ವಚನಗಳಲ್ಲಿ, ಪುರಂದರದಾಸರ ಪದಗಳಲ್ಲಿ ದೇವರು 'ನೀನು'. ಕನ್ನಡ ಬೈಬಲ್ಲಿನ ಹಳೆಯ ಅನುವಾದದ ಪ್ರಾರ್ಥನೆಯಲ್ಲೂ 'ನಿನ್ನ ರಾಜ್ಯ' ಎಂದೇ ಇದೆ. ಆ ಸಲಿಗೆಯನ್ನು ನಾವು ಸಲಿಗೆ ಎಂದೇ ಕೇಳುತ್ತೇವೆ, ಇಂಗ್ಲಿಷಿನವರ ಕಿವಿ ಅದನ್ನು ಮರೆತಿದೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರಿನಂಥ ಕಡೆಯ ಹಳ್ಳಿಮಾತಿನಲ್ಲಿ ಮಾತ್ರ 'ದೌ' ಎಂಬುದು 'ದಾ' ಆಗಿ ತೀರಾ ಇತ್ತೀಚಿನವರೆಗೂ ಬದುಕಿತ್ತು.

ಇನ್ನೆರಡು ಮಾತು. ಶೇಕ್ಸ್‌ಪಿಯರನ ನಾಟಕದಲ್ಲಿ ಜೂಲಿಯೆಟ್ 'ವೇರ್‌ಫೋರ್' ಎಂದು ರೋಮಿಯೋನನ್ನು ಕೂಗುವಾಗ ಅವನು ಎಲ್ಲಿದ್ದಾನೆಂದು ಹುಡುಕುತ್ತಿಲ್ಲ. ಆ ಪದಕ್ಕೆ 'ಏಕೆ' ಎಂದರ್ಥ. ನೀನು ಏಕೆ ರೋಮಿಯೋ ಆದೆ, ಹಗೆಯವರ ಮನೆಯ ಹೆಸರನ್ನು ಏಕೆ ಹೊತ್ತೆ ಎಂಬುದು ಅವಳ ಸಂಕಟ. 'ವಿದರ್' ಎಂದರೆ ಎಲ್ಲಿಗೆ, 'ವೆನ್ಸ್' ಎಂದರೆ ಎಲ್ಲಿಂದ. ನಾವು ವಿಭಕ್ತಿ ಹಚ್ಚಿ ಹೇಳುವುದನ್ನು ಅವರು ಒಂದೊಂದು ಪದದಲ್ಲಿ ಹೇಳುತ್ತಿದ್ದರು.

ಮತ್ತೆ, ಹಳೆಯ ಕಾಲದ್ದೆಂದು ತೋರಿಸಿಕೊಳ್ಳಲು ಅಂಗಡಿ ಬೋರ್ಡುಗಳ ಮೇಲೆ 'ಯೀ ಓಲ್ಡ್' ಎಂದು ಬರೆದಿರುತ್ತಾರಲ್ಲ, ಆ 'ಯೀ' ಮೇಲೆ ಹೇಳಿದ 'ನೀವು' ಅಲ್ಲ. ಅದು ಬರೀ 'ದ' (the) ಎಂಬ ಪದ. ಆ ಧ್ವನಿಗೆ ಇಂಗ್ಲಿಷಿನಲ್ಲಿ 'ಥಾರ್ನ್' ಎಂಬ ಬೇರೆ ಅಕ್ಷರವೇ ಇತ್ತು. ಕೈಬರಹದಲ್ಲಿ ಅದು 'ವೈ' ಅಕ್ಷರದಂತೆ ಕಾಣತೊಡಗಿತ್ತು. ಯುರೋಪಿನಿಂದ ತರಿಸಿದ ಅಚ್ಚಿನ ಮೊಳೆಗಳಲ್ಲಿ ಥಾರ್ನ್ ಇರಲಿಲ್ಲ, ಮುದ್ರಕರು 'ವೈ' ಮೊಳೆಯನ್ನೇ ಜೋಡಿಸಿದರು. ಹಾಗೆ ಅಚ್ಚಾದದ್ದನ್ನು ಆ ಕಾಲದ ಓದುಗರು 'ದ' ಎಂದೇ ಓದಿಕೊಳ್ಳುತ್ತಿದ್ದರು.