ಕ್ಯಾಸಲ್‌ರಾಕ್‌ನಲ್ಲಿ ರೈಲು ಯಾಕಷ್ಟು ಹೊತ್ತು ನಿಲ್ಲುತ್ತದೆ?

ಪ್ರಶ್ನೆ: ಹುಬ್ಬಳ್ಳಿಯಿಂದ ಗೋವಾಕ್ಕೆ ಹೋಗುವ ರೈಲು ಕ್ಯಾಸಲ್‌ರಾಕ್‌ನಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಹತ್ತಿಳಿಯುವವರು ಬೆರಳೆಣಿಕೆಯಷ್ಟು. ಮತ್ತೇಕೆ ಈ ನಿಲುಗಡೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಅಲ್ಲಿಂದ ಮುಂದೆ ಘಟ್ಟ ಇಳಿಯಬೇಕು, ಅದಕ್ಕೆ. ಜೊಯಿಡಾ ತಾಲ್ಲೂಕಿನ ಈ ಪುಟ್ಟ ಊರಿನಿಂದ ಗೋವಾದ ಕುಳೆಂವರೆಗೆ ಸುಮಾರು 26 ಕಿ.ಮೀ. ದಾರಿ. ತೀರಾ ಕಡಿದಾದ ಕಡೆ ಹಳಿ 37 ಅಡಿಗೆ 1 ಅಡಿ ಇಳಿಯುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ಇದೊಂದು ಇಳಿಜಾರೇ ಅಲ್ಲ, ಉಕ್ಕಿನ ಮೇಲೆ ಉಕ್ಕು ಉರುಳುವಲ್ಲಿ ಮಾತ್ರ ಬಲು ಕಡಿದು.

ಹಾಗಾಗಿ ಇಳಿಯುವ ಮುನ್ನ ಬ್ರೇಕ್ ನೋಡಲೇಬೇಕು. ಎಂಜಿನ್‌ನಲ್ಲಿ ಬ್ರೇಕ್ ಪೈಪಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋ ಇದ್ದರೆ, ಪ್ರಯಾಣಿಕರ ರೈಲಿನ ಕೊನೆಯಲ್ಲಿ ಗಾರ್ಡ್ ಮುಂದಿನ ಗೇಜು 4.8 ತೋರಿಸಬೇಕು. (ಗಾರ್ಡ್‌ಗೆ 2022ರಿಂದ ‘ಟ್ರೈನ್ ಮ್ಯಾನೇಜರ್’ ಎಂಬ ಹೆಸರು ಬಂದಿದೆ, ಕರೆಯುವವರು ಇನ್ನೂ ಗಾರ್ಡ್ ಎಂದೇ ಕರೆಯುತ್ತಾರೆ.) ಅಷ್ಟಕ್ಕೇ ಬಿಡುವುದಿಲ್ಲ. ಬ್ರೇಕ್ ಹಾಕಲು ಚಾಲಕರು ಪೈಪಿನ ಒತ್ತಡ ಇಳಿಸುತ್ತಾರೆ, ಹಿಂದಿನ ಗೇಜಿನ ಮುಳ್ಳೂ ಇಳಿಯಬೇಕು. ಇಳಿಯದಿದ್ದರೆ ನಡುವೆ ಎಲ್ಲೋ ಎರಡು ಬೋಗಿಗಳ ಮಧ್ಯದ ಆಂಗಲ್ ಕಾಕ್ (ಬ್ರೇಕ್ ಪೈಪಿನ ಕವಾಟ) ಮುಚ್ಚಿಕೊಂಡಿದೆ ಎಂದರ್ಥ. ಆಗ ಎಂಜಿನ್‌ನಲ್ಲಿ ಎಲ್ಲ ಸರಿಯಿದ್ದಂತೆ ಕಂಡರೂ ಆ ಕಾಕ್‌ನಿಂದ ಹಿಂದಿನ ಬೋಗಿಗಳಿಗೆ ಚಾಲಕರ ಬ್ರೇಕ್ ತಲುಪುವುದೇ ಇಲ್ಲ. ಘಟ್ಟದಲ್ಲಿ ಇದಕ್ಕಿಂತ ಅಪಾಯದ ತಪ್ಪು ಬೇರೆ ಇಲ್ಲ.

ಬರೀ ಬ್ರೇಕ್ ಬ್ಲಾಕ್ ಒತ್ತಿಕೊಂಡೇ ಇಷ್ಟು ದೂರ ಇಳಿದರೆ ಅವು ಕಾದು ಹಿಡಿತ ಬಿಡುತ್ತವೆ. ಆದ್ದರಿಂದ ಚಾಲಕರು ಹೆಚ್ಚಾಗಿ ಡೈನಮಿಕ್ ಬ್ರೇಕ್ ನೆಚ್ಚುತ್ತಾರೆ. ಚಕ್ರ ತಿರುಗಿಸುವ ಮೋಟಾರುಗಳೇ ಆಗ ಜನರೇಟರ್ ಆಗಿ ವೇಗವನ್ನು ತಡೆಯುತ್ತವೆ. ಡೀಸೆಲ್ ಎಂಜಿನ್ನಿನಲ್ಲಾದರೆ ಹುಟ್ಟಿದ ವಿದ್ಯುತ್ತು ಅದರೊಳಗಿನ ರೆಸಿಸ್ಟರ್ ಗ್ರಿಡ್‌ನಲ್ಲಿ ಶಾಖವಾಗಿ ಹೋಗುತ್ತದೆ. ಇಳಿಯುವಾಗ ಮುಂದಿನ ಬೋಗಿಗಳಿಗೆ ಕೇಳುವ ಕರ್ಕಶ ಸದ್ದು ಆ ಗ್ರಿಡ್ ತಣಿಸುವ ಫ್ಯಾನಿನದು.

ಪ್ರಶ್ನೆ: ಕಲ್ಲಿದ್ದಲು ರೈಲಿಗೆ ಹಿಂದುಗಡೆಯೂ ಎಂಜಿನ್ ಇರುತ್ತದೆ. ಎಲ್ಲವನ್ನೂ ಮುಂದೆಯೇ ಕಟ್ಟಬಾರದೇ?
– ವಿದ್ಯಾರ್ಥಿ, ಲೋಂಡಾ

ಉತ್ತರ: ಲೆಕ್ಕ ಹಾಕಿ ನೋಡಿ. 37ಕ್ಕೆ 1ರ ಏರಿನಲ್ಲಿ ಪ್ರತಿ 1,000 ಟನ್ ತೂಕಕ್ಕೆ ಏರಿನ ಸಲುವಾಗಿಯೇ ಸುಮಾರು 27 ಟನ್ ಎಳೆತ ಬೇಕು. ಮುರಗಾಂವ್ ಬಂದರಿನಿಂದ ಮೇಲೆ ಬರುವ 58 ವ್ಯಾಗನ್ನಿನ ತುಂಬಿದ ರೈಲು 4,600 ಟನ್ ದಾಟುತ್ತದೆ, ಅಂದರೆ 120 ಟನ್ನಿಗೂ ಮೇಲೆ ಎಳೆತ. ಅಷ್ಟನ್ನೂ ಮುಂದಿನಿಂದಲೇ ಎಳೆದರೆ ಇಡೀ ಭಾರ ಮೊದಲ ವ್ಯಾಗನ್ನಿನ ಕಪ್ಲಿಂಗ್ (ಜೋಡಿಸುವ ಕೊಂಡಿ) ಮೇಲೆ ಬಿದ್ದು ಅದು ತುಂಡಾಗುತ್ತದೆ. ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಿದರೆ ಭಾರ ಹಂಚಿಹೋಗುತ್ತದೆ. ಮಿಗಿಲಾಗಿ, ಕಪ್ಲಿಂಗ್ ಕಡಿದರೂ ಹಿಂದಿನ ಭಾಗವನ್ನು ಹಿಡಿದು ನಿಲ್ಲಿಸಲು ಒಂದು ಆಸರೆ ಇರುತ್ತದೆ.

ಇದೂ ಕೈಕೊಟ್ಟರೆ? ಅದಕ್ಕೆ ಕ್ಯಾಚ್ ಸೈಡಿಂಗ್ ಇದೆ. ಸ್ಟೇಷನ್ ಕಡೆಗೆ 80ಕ್ಕೆ 1ಕ್ಕಿಂತ ಕಡಿದಾದ ಇಳಿಜಾರು ಇದ್ದರೆ ಇದು ಇರಲೇಬೇಕೆಂಬುದು ರೈಲ್ವೆ ನಿಯಮ. ಹಿಡಿತ ತಪ್ಪಿ ಬಂದ ಗಾಡಿ ಪಕ್ಕದ ಹಳಿಗೆ ತಿರುಗಿ, ನಿಂತಿರುವ ಬೇರೆ ರೈಲಿಗೆ ಗುದ್ದದೆ ನಿಲ್ಲುತ್ತದೆ.

ಪ್ರಶ್ನೆ: ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಸ್ಟೇಷನ್ ಹೇಗೆ ಬಂತು?
– ನಿವೃತ್ತ ಶಿಕ್ಷಕರು, ಹಳಿಯಾಳ

ಉತ್ತರ: ಅದು ಎರಡು ಸರ್ಕಾರಗಳ ಗಡಿಯಾಗಿತ್ತು. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಮಾಡಿಕೊಂಡ ಒಪ್ಪಂದದಿಂದ ಈ ಮಾರ್ಗ ಹುಟ್ಟಿತು. ಗೋವಾದ ಕಡೆ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ, ಈ ಕಡೆ ಸದರ್ನ್ ಮರಾಠಾ ರೈಲ್ವೆ. ಎರಡೂ ಮೀಟರ್ ಗೇಜ್, ಕೂಡಿದ್ದು ಕ್ಯಾಸಲ್‌ರಾಕ್‌ನಲ್ಲಿ, 1888ರ ಹೊತ್ತಿಗೆ. ಇಲ್ಲಿ ನಮ್ಮ ಕಡೆಯ ಸುಂಕದ ತಪಾಸಣೆ, ಕೆಳಗೆ ಕುಳೆಂನಲ್ಲಿ ಪೋರ್ಚುಗೀಸರದು. 1955ರಲ್ಲಿ ಗೋವಾ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಬಳಿಕ ಗಡಿ ಮುಚ್ಚಿ ರೈಲು ನಿಂತಿತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾದ ಮೇಲೆಯೇ ಮತ್ತೆ ಓಡಿದ್ದು. ಬ್ರಾಡ್ ಗೇಜ್ ಬಂದದ್ದು 1990ರ ದಶಕದಲ್ಲಿ. ಕುಳೆಂವರೆಗಿನ ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು.

ಪ್ರಶ್ನೆ: ಕ್ಯಾಸಲ್‌ರಾಕ್‌ನಲ್ಲಿ ಇಳಿದು ಹಳಿ ಹಿಡಿದು ದೂಧಸಾಗರಕ್ಕೆ ನಡೆಯಬಹುದೇ?
– ಕಾಲೇಜು ಗೆಳೆಯರು, ಬೆಳಗಾವಿ

ಉತ್ತರ: ಬೇಡ. ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಒತ್ತಟ್ಟಿಗಿರಲಿ, ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗ ಸಾಲದು, ತಿರುವಿನಲ್ಲಿ ಚಾಲಕರಿಗೆ ನೀವು ಕಾಣುವುದೂ ಇಲ್ಲ. ಕುಳೆಂಗೆ ಟಿಕೆಟ್ ತೆಗೆದುಕೊಂಡು ಅಲ್ಲಿಂದ ಜೀಪಿನಲ್ಲಿ ಹೋಗಿ. ಮಳೆಗಾಲದಲ್ಲಿ ಜೀಪು ಬಂದ್, ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಶುರು. ಒಂದು ಎಚ್ಚರ: 199 ಕಿ.ಮೀ. ಒಳಗಿನ ಜನರಲ್ ಟಿಕೆಟ್ ಕೊಂಡ ಮೂರು ತಾಸಿನೊಳಗೆ, ಇಲ್ಲವೇ ಆ ಕಡೆಗೆ ಹೊರಡುವ ಮೊದಲ ರೈಲಿನಲ್ಲಿ ಪ್ರಯಾಣ ಶುರು ಮಾಡಬೇಕು. ರೈಲು ಕಡಿಮೆ ಇರುವ ಈ ಮಾರ್ಗದಲ್ಲಿ ಮುಂದಿನದಕ್ಕೆ ಹೋದರಾಯಿತೆಂದು ಕೂತರೆ ಟಿಕೆಟ್ ವ್ಯರ್ಥ.

ಪ್ರಶ್ನೆ: ಗುಡ್ಡ ಕುಸಿದು ರೈಲು ರದ್ದಾದರೆ ದುಡ್ಡು ತಾನಾಗಿ ಬರುತ್ತದೆಯೇ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಆನ್‌ಲೈನ್ ಟಿಕೆಟ್ ಆಗಿದ್ದು ರೈಲು ಪೂರ್ತಿ ರದ್ದಾಗಿದ್ದರೆ ಬರುತ್ತದೆ. ಕೌಂಟರ್ ಟಿಕೆಟನ್ನು ಹೊರಡಬೇಕಿದ್ದ ಸಮಯದಿಂದ ಮೂರು ದಿನದೊಳಗೆ ಕೌಂಟರಿಗೆ ಒಪ್ಪಿಸಬೇಕು. ಹೆಚ್ಚು ಜನ ಎಡವುವುದು ಮಾರ್ಗ ಬದಲಾದಾಗ. ಆಗ ದಾಖಲೆಯಲ್ಲಿ ರೈಲು ಓಡಿರುತ್ತದೆ, ನಿಮ್ಮ ಊರಿಗೆ ಬಂದಿರುವುದಿಲ್ಲ. ದುಡ್ಡು ತಾನಾಗಿ ಬರುವುದಿಲ್ಲ, 72 ಗಂಟೆಯೊಳಗೆ ಟಿಡಿಆರ್ (ಹಣ ವಾಪಸ್ ಕೋರುವ ಅರ್ಜಿ) ಸಲ್ಲಿಸಬೇಕು. ರೈಲು ಮೂರು ಗಂಟೆಗಿಂತ ತಡವಾಗಿ ನೀವು ಪ್ರಯಾಣ ಕೈಬಿಟ್ಟರೆ, ಆ ರೈಲು ನಿಮ್ಮ ಸ್ಟೇಷನ್ ಬಿಡುವ ಮುನ್ನವೇ ಟಿಡಿಆರ್ ಹಾಕಿರಬೇಕು.